ಹಿತ್ತಲಲ್ಲಿ ಮೂರು ಗ್ರಿಲ್, ಒಂದೇ ಹೊತ್ತಿಗೆ ಊಟ: ಕೊಳ್ಳುವುದರಿಂದ ಬೂದಿ ಎತ್ತುವವರೆಗೆ

ಅಮೆರಿಕದಲ್ಲಿರುವ ನಮ್ಮವರ ಹಿತ್ತಲುಗಳಲ್ಲಿ ಗ್ರಿಲ್‌ಗಳು ಒಂದಾದ ಮೇಲೊಂದು ಬಂದು ಸೇರುತ್ತವೆ. ಮನೆ ಕೊಂಡ ವರ್ಷ ತಂದ ಗ್ಯಾಸ್ ಗ್ರಿಲ್ ಒಂದು. ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ಇದ್ದಿಲಿನದು ಇನ್ನೊಂದು. ಸೇಲ್‌ನಲ್ಲಿ ಕಣ್ಣಿಗೆ ಬಿದ್ದದ್ದು ಮೂರನೆಯದು. ಬೇಸಿಗೆಯ ಶನಿವಾರ ಸಂಜೆ ಆರಕ್ಕೆ ಊಟ ಅಂತ ಹತ್ತು ಹನ್ನೆರಡು ಜನರನ್ನು ಕರೆದು, ಮೂರನ್ನೂ ಒಟ್ಟಿಗೆ ಹೊತ್ತಿಸುತ್ತಾರೆ. ಐದಕ್ಕೇ ಜೋಳ ಬೆಂದು ತಣ್ಣಗಾಗಿರುತ್ತದೆ. ಪನೀರ್ ಸುಟ್ಟಿರುತ್ತದೆ. ಏಳೂವರೆ ಆದರೂ ಚಿಕನ್ ಮೂಳೆಯ ಹತ್ತಿರ ಬೆಂದಿರುವುದಿಲ್ಲ.

ಇವರಿಗೆ ಅಡುಗೆ ಬರುವುದಿಲ್ಲ ಅಂತಲ್ಲ. ತಪ್ಪಾಗುವುದು ಎರಡೇ ಕಡೆ. ಯಾವ ಗ್ರಿಲ್‌ಗೆ ಯಾವ ಕೆಲಸ ಅಂತ ಹಂಚಿರುವುದಿಲ್ಲ. ಯಾವುದನ್ನು ಮೊದಲು ಹೊತ್ತಿಸಬೇಕು ಅಂತ ಲೆಕ್ಕ ಹಾಕಿರುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಎರಡು ವಿಷಯದ ಸುತ್ತಲೇ ಇವೆ. ನಿಮ್ಮ ಥರ್ಮಾಮೀಟರ್ ತೋರಿಸುವುದು ಫ್ಯಾರನ್‌ಹೀಟ್ ಆದ್ದರಿಂದ ಇಲ್ಲಿ ಡಿಗ್ರಿ ಅಂದರೆ ಅದೇ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದ್ಯಾವುದನ್ನೂ ಮಾಡಬೇಡಿ. ಇದು ನೆಲದ ಮೇಲೆ ಜಾಗ ಇರುವವರಿಗೆ ಮಾತ್ರ.

ಹಂತ 1: ಮೊದಲು ಕೆಲಸ ಹಂಚಿ, ಆಮೇಲೆ ಗ್ರಿಲ್ ಕೊಳ್ಳಿ

ಒಂದೊಂದು ಗ್ರಿಲ್‌ಗೂ ಒಂದೊಂದು ಗುಣ ಇದೆ. ಅದನ್ನು ತಿಳಿಯದೆ ಕೊಂಡರೆ ಒಂದೇ ಕೆಲಸ ಮಾಡುವ ಎರಡು ಡಬ್ಬಿಗಳು ಹಿತ್ತಲಲ್ಲಿ ಕೂತಿರುತ್ತವೆ.

ಗ್ಯಾಸ್ ಗ್ರಿಲ್ 10ರಿಂದ 15 ನಿಮಿಷದಲ್ಲಿ ತಯಾರಾಗುತ್ತದೆ. ಗುಂಡಿ ತಿರುಗಿಸಿದರೆ ಉರಿ ಹೆಚ್ಚು, ಕಡಿಮೆ. ತರಕಾರಿ, ಪನೀರ್, ಜೋಳಕ್ಕೆ ಇದಕ್ಕಿಂತ ಸಲೀಸಾದದ್ದು ಬೇರೆ ಇಲ್ಲ. ಹೊಗೆಯ ರುಚಿಯನ್ನು ಮಾತ್ರ ನಿರೀಕ್ಷಿಸಬೇಡಿ.

ದುಂಡನೆಯ ಕೆಟಲ್ ಗ್ರಿಲ್ ಇದ್ದಿಲಿನದು. ಒಂದು ಪಕ್ಕಕ್ಕೆ ಕೆಂಡ, ಇನ್ನೊಂದು ಪಕ್ಕ ಖಾಲಿ. ಹೀಗೆ ಎರಡು ಉರಿ ಸಿಗುವುದರಿಂದ ಮೂಳೆ ಇರುವ ಚಿಕನ್‌ಗೆ ಹೇಳಿ ಮಾಡಿಸಿದ್ದು. 22 ಇಂಚಿನದನ್ನೇ ತಗೊಳ್ಳಿ. 18 ಇಂಚಿನದರಲ್ಲಿ ಖಾಲಿ ಪಕ್ಕಕ್ಕೆ ಜಾಗ ಸಾಲುವುದಿಲ್ಲ.

ಕಮಾಡೊ ಅಂದರೆ ಮೊಟ್ಟೆಯಾಕಾರದ, ದಪ್ಪ ಪಿಂಗಾಣಿಯ ಗ್ರಿಲ್. ಬಿಗ್ ಗ್ರೀನ್ ಎಗ್ ನೋಡಿರುತ್ತೀರಿ, ಆ ಜಾತಿಯದು. ಒಮ್ಮೆ ಇದ್ದಿಲು ತುಂಬಿದರೆ ಹತ್ತು ಹನ್ನೆರಡು ಗಂಟೆ ಒಂದೇ ಬಿಸಿಯಲ್ಲಿ ಇರುತ್ತದೆ. ಬಿಸಿ ಏರಿಸುವುದು ಸುಲಭ. ಇಳಿಸುವುದು ಮಾತ್ರ ದೊಡ್ಡ ತಲೆನೋವು.

ಪೆಲೆಟ್ ಗ್ರಿಲ್ ಕರೆಂಟಿನ ಮೇಲೆ ನಡೆಯುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಕಡ್ಡಿಗಳನ್ನು ಒಳಗಿನ ತಿರುಪು ಸ್ವಲ್ಪ ಸ್ವಲ್ಪವಾಗಿ ಬೆಂಕಿಗೆ ತಳ್ಳುತ್ತದೆ. 250 ಅಂತ ಒತ್ತಿ ಬೇರೆ ಕೆಲಸ ನೋಡಬಹುದು. ಹೊಗೆಯ ರುಚಿ ತೆಳು. ಜೋರು ಉರಿಯಲ್ಲಿ ಮೇಲ್ಮೈ ಕೆಂಪಗೆ ಮಾಡುವುದು ಇದರ ಕೈಲಿ ಅಷ್ಟಾಗಿ ಆಗುವುದಿಲ್ಲ.

ನಿಧಾನದ ಅಡುಗೆಗೆ ಕಮಾಡೊ ಅಥವಾ ಪೆಲೆಟ್, ಎರಡರಲ್ಲಿ ಒಂದು ಸಾಕು. ಗ್ಯಾಸ್ ಇರುವವರು ಎರಡನೆಯದಾಗಿ ಕೆಟಲ್ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಅರ್ಧ ಗ್ಯಾಸ್, ಅರ್ಧ ಇದ್ದಿಲು, ಪಕ್ಕದಲ್ಲಿ ಹೊಗೆಪೆಟ್ಟಿಗೆ ಅಂತ ಎಲ್ಲ ಸೇರಿಸಿದ ಕಾಂಬೊ ಬರುತ್ತದಲ್ಲ, ಅದರ ತಂಟೆ ಬೇಡ. ಯಾವ ಅರ್ಧವೂ ಪೂರ್ತಿ ಕೆಲಸ ಮಾಡುವುದಿಲ್ಲ.

ನಮ್ಮವರ ಮನೆಗಳಲ್ಲಿ ಎರಡು ಗ್ರಿಲ್ ಬೇಕಾಗಲು ಇನ್ನೊಂದು ಗಟ್ಟಿ ಕಾರಣ ಇದೆ. ಬಂದವರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಕೋಳಿ ಸುಟ್ಟ ಜಾಲರಿಯನ್ನು ಎಷ್ಟೇ ಉಜ್ಜಿದರೂ ಅದರ ಮೇಲಿನ ಬದನೆಕಾಯಿಯನ್ನು ಅವರು ಬಾಯಿಗೆ ಇಡುವುದಿಲ್ಲ, ಸಂಕೋಚಕ್ಕೆ ಹೇಳುವುದೂ ಇಲ್ಲ. ಗ್ಯಾಸ್ ಗ್ರಿಲ್ ಅನ್ನು ಮೊದಲ ದಿನದಿಂದಲೇ ಸಸ್ಯಾಹಾರಕ್ಕೆ ಮೀಸಲಿಡಿ. ಬಂದವರಿಗೆ ಅದನ್ನು ಬಾಯಿಬಿಟ್ಟು ಹೇಳಿ.

ಹಂತ 2: ಹಳೆಯದನ್ನು ಕೊಳ್ಳುವಾಗ ಎಲ್ಲಿ ನೋಡಬೇಕು

ಗ್ರಿಲ್ ಹಳೆಯದಾದರೆ ತೊಂದರೆ ಇಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ, ಊರು ಬಿಡುವವರು ಸಾಮಾನು ಮಾರುವಾಗ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ನೋಡುವ ಜಾಗ ಮಾತ್ರ ಗೊತ್ತಿರಬೇಕು.

ಕೆಟಲ್ ಆದರೆ ಮುಚ್ಚಳ ಇಟ್ಟು ಸುತ್ತ ಬೆರಳಾಡಿಸಿ. ಮುಚ್ಚಳ ಸೊಟ್ಟಗಾಗಿದ್ದರೆ ಬಿಟ್ಟುಬಿಡಿ, ಉರಿ ಹಿಡಿತಕ್ಕೆ ಸಿಗುವುದಿಲ್ಲ. ಬುಟ್ಟಿಯ ತಳದಲ್ಲಿ, ಕಾಲುಗಳು ಸೇರುವ ಕಡೆ ಎನಾಮೆಲ್ ಎದ್ದು ತುಕ್ಕು ಹಿಡಿದಿದೆಯಾ ನೋಡಿ. ತೂತು ಬಿದ್ದಿದ್ದರೆ ಬೇಡ. ಮುಚ್ಚಳದ ಒಳಗೆ ಕಪ್ಪು ಹಪ್ಪಳೆ ಏಳುತ್ತಿರುವುದನ್ನು ನೋಡಿ ಪೇಂಟ್ ಹೋಗಿದೆ ಅಂತ ಬಹಳ ಜನ ವಾಪಸ್ ಬರುತ್ತಾರೆ. ಅದು ಪೇಂಟ್ ಅಲ್ಲ, ಹೊಗೆ ಮತ್ತು ಜಿಡ್ಡು ಗಟ್ಟಿಯಾದದ್ದು. ಕೆರೆದರೆ ಕೆಳಗೆ ಹೊಳೆಯುವ ಎನಾಮೆಲ್ ಕಾಣುತ್ತದೆ. ಜಾಲರಿ, ಚಕ್ರ, ಹಿಡಿ ಎಲ್ಲಕ್ಕೂ ಹೊಸ ಬಿಡಿಭಾಗ ಸಿಗುತ್ತವೆ. ವೆಬರ್ ಕೆಟಲ್‌ಗಳಲ್ಲಿ ಮುಚ್ಚಳದ ಗಾಳಿಕಿಂಡಿಯ ತಗಡಿನ ಮೇಲೆ ಒಂದೆರಡು ಅಕ್ಷರ ಕೊರೆದಿರುತ್ತಾರೆ. ತಯಾರಾದ ವರ್ಷದ ಗುರುತು ಅದು. ಹಳೆಯ ಬಣ್ಣಗಳನ್ನು ಹುಡುಕಿ ಕೂಡಿಸುವವರು ಮೊದಲು ನೋಡುವುದು ಅದನ್ನೇ.

ಗ್ಯಾಸ್ ಗ್ರಿಲ್ ಆದರೆ ಹೊರಗಿನ ಹೊಳಪಿಗೆ ಮರುಳಾಗಬೇಡಿ. ಜಾಲರಿ ಎತ್ತಿ, ಬರ್ನರ್ ಮೇಲಿನ ತಗಡು ತೆಗೆದು, ಬರ್ನರ್ ಪೈಪು ನೋಡಿ. ತುಕ್ಕು ಹಿಡಿದು ತೂತುಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ಬರ್ನರ್ ಬದಲಿಸಬೇಕು, ಆ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ರಬ್ಬರ್ ಪೈಪನ್ನು ಬಗ್ಗಿಸಿದಾಗ ಬಿರುಕು ಕಂಡರೆ ಹೊಸದು ಹಾಕಿಸಿ. ಹೊತ್ತಿಸಿ ತೋರಿಸಿ ಅನ್ನಿ. ಉರಿ ನೀಲಿ ಇರಬೇಕು. ಹಳದಿಯಾಗಿ ಸೋಮಾರಿ ಹಾಗೆ ಆಡುತ್ತಿದ್ದರೆ ಬರ್ನರ್‌ನ ಬಾಯಲ್ಲಿ ಜೇಡ ಗೂಡು ಕಟ್ಟಿರಬಹುದು. ತಮಾಷೆಯಲ್ಲ, ನಿಂತ ಗ್ರಿಲ್‌ಗಳಲ್ಲಿ ಇದು ಮಾಮೂಲು. ಸಿಲಿಂಡರ್ ಮುಚ್ಚಿ, ಬರ್ನರ್ ಬಿಚ್ಚಿ, ಉದ್ದ ಬ್ರಷ್ ತೂರಿಸಿದರೆ ಸರಿಹೋಗುತ್ತದೆ.

ಕಮಾಡೊದಲ್ಲಿ ಹೊರಗಿನ ಬುಡ ಅಥವಾ ಮುಚ್ಚಳ ಸೀಳಿದ್ದರೆ ಮುಟ್ಟಬೇಡಿ. ಒಳಗೆ ಇದ್ದಿಲು ಹಿಡಿಯುವ ಬುಟ್ಟಿಯಲ್ಲಿ ಸಣ್ಣ ಗೆರೆ ಇದ್ದರೆ ಪರವಾಗಿಲ್ಲ, ಅದು ಬದಲಿಸಬಹುದಾದ ಭಾಗ. ಅಂಚಿನ ಗ್ಯಾಸ್ಕೆಟ್ ಕೂಡ ಹಾಗೇ. ದೊಡ್ಡ ಸೈಜಿನದು 70 ಕಿಲೋ ದಾಟುತ್ತದೆ. ಒಳಗಿನ ತುಂಡುಗಳನ್ನೆಲ್ಲ ಮೊದಲು ಹೊರಗಿಟ್ಟು, ಇಬ್ಬರು ಬುಡಕ್ಕೆ ಕೈಹಾಕಿ ಎತ್ತಬೇಕು. ಪಕ್ಕದ ಹಲಗೆ ಹಿಡಿದು ಎತ್ತಿದರೆ ಅದು ಕಿತ್ತು ಬರುತ್ತದೆ.

ಪೆಲೆಟ್ ಗ್ರಿಲ್ ಅನ್ನು ಪ್ಲಗ್ ಹಾಕಿ ನೋಡದೆ ತರಲೇಬೇಡಿ. ಫ್ಯಾನ್ ತಿರುಗಬೇಕು, ತಿರುಪು ಓಡಬೇಕು, ಬೆಂಕಿ ಹತ್ತಬೇಕು.

ಯಾವುದೇ ಆಗಲಿ, ಕೊಳ್ಳುವ ಮುಂಚೆ ಆ ಮಾಡೆಲ್ ಹೆಸರನ್ನು ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್‌ನ ರೀಕಾಲ್ ಪಟ್ಟಿಯಲ್ಲಿ, ಅಂದರೆ ದೋಷ ಕಂಡು ವಾಪಸ್ ಕರೆದ ಸರಕುಗಳ ಪಟ್ಟಿಯಲ್ಲಿ ಹುಡುಕಿ. ಎರಡು ನಿಮಿಷದ ಕೆಲಸ. ಇನ್ನೊಂದು ಮಾತು: ಜಾಲರಿ ಹಾಳಾಗಿದೆ ಅಂತ ಹಳೆ ಫ್ರಿಜ್ಜಿನ ತಟ್ಟೆಯನ್ನೋ ಸತುವಿನ ಲೇಪದ ಬೇಲಿ ಬಲೆಯನ್ನೋ ಇಟ್ಟು ಅಡುಗೆ ಮಾಡಬೇಡಿ. ಬೆಂಕಿ ತಾಗಿದರೆ ಆ ಲೇಪಗಳು ವಿಷ.

ಹಂತ 3: ಜಾಗ ಗುರುತು ಮಾಡಿ

ಮನೆಯ ಗೋಡೆಯಿಂದ 10 ಅಡಿ ದೂರ ಇರಲಿ. ಇಲ್ಲಿನ ಎಷ್ಟೋ ಮನೆಗಳ ಹೊರಗೋಡೆಗೆ ಹೊದಿಸಿರುವುದು ವಿನೈಲ್, ಬಿಸಿಗೆ ಅಲೆಅಲೆಯಾಗಿ ಕರಗುತ್ತದೆ. ಮರದ ಕೊಂಬೆ, ಸೂರಿನ ಅಂಚು, ಬೇಲಿ ಯಾವುದೂ ಹತ್ತಿರ ಬೇಡ. ಮಕ್ಕಳಿಗೆ ಪ್ರತಿ ಗ್ರಿಲ್ ಸುತ್ತ 3 ಅಡಿ ಗೆರೆ ಎಳೆದು ತೋರಿಸಿ. ಸೀಮೆಸುಣ್ಣದಲ್ಲಿ ಎಳೆದರೆ ಅವರೇ ಕಾವಲು ಕಾಯುತ್ತಾರೆ.

ಗ್ರಿಲ್‌ಗಳ ನಡುವೆ ಒಬ್ಬರು ತಟ್ಟೆ ಹಿಡಿದು ತಿರುಗುವಷ್ಟು ಜಾಗ ಬಿಡಿ. ಮೂರಕ್ಕೂ ಮಧ್ಯೆ ಒಂದು ಮೇಜು ಹಾಕಿ. ಎಡಗಡೆ ಹಸಿ, ಬಲಗಡೆ ಬೆಂದದ್ದು. ಈ ನಿಯಮವನ್ನು ದಿನವಿಡೀ ಮುರಿಯಬಾರದು. ಹಸಿ ಚಿಕನ್ ತಂದ ತಟ್ಟೆಗೇ ಬೆಂದದ್ದನ್ನು ಹಾಕುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಹೊಟ್ಟೆ ಕೆಡುವುದು ಅಲ್ಲಿಂದಲೇ.

ಕಮಾಡೊವನ್ನು ನೇರವಾಗಿ ಮರದ ಮೇಜಿನ ಮೇಲೆ ಕೂರಿಸಬೇಡಿ. ಕೆಳಗೆ ಗಾಳಿ ಆಡುವಂತೆ ಅದರದೇ ಕಾಲುಗಳು ಬೇಕು. ಪೆಲೆಟ್‌ಗೆ ಹೊರಗಿನ ಪ್ಲಗ್ ಪಾಯಿಂಟ್ ಹತ್ತಿರ ಇರಲಿ. ವೈರು ಓಡಾಡುವ ದಾರಿಗೆ ಅಡ್ಡ ಬರಬಾರದು.

ಮಳೆ ಬಂತು ಅಂತ ಗ್ಯಾರೇಜಿನೊಳಗೆ ಎಳೆಯಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಲೆನೋವು, ತಲೆಸುತ್ತು ಬಂದಾಗ ಬಿಸಿಲಿಗೆ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ.

ಹಂತ 4: ಸಲಕರಣೆ

ಬೇಕಾದದ್ದು ಕಡಿಮೆ. ಇದ್ದಿಲು ಹೊತ್ತಿಸುವ ಚಿಮ್ನಿ, ಅಂದರೆ ತೂತುಗಳಿರುವ, ಹಿಡಿಯಿರುವ ಲೋಹದ ಕೊಳವೆ. ಚುಚ್ಚಿದ ತಕ್ಷಣ ಬಿಸಿ ತೋರಿಸುವ ಥರ್ಮಾಮೀಟರ್. ಮಾಂಸದೊಳಗೆ ಬಿಟ್ಟೇ ಇರಬಹುದಾದ ವೈರಿನ ಥರ್ಮಾಮೀಟರ್ ಇನ್ನೊಂದು. ಎರಡು ಬಣ್ಣದ ಉದ್ದ ಇಕ್ಕುಳ, ಒಂದು ಸಸ್ಯಾಹಾರಕ್ಕೆ, ಒಂದು ಮಾಂಸಕ್ಕೆ. ದಪ್ಪ ಕೈಗವಸು, ಮುಚ್ಚಳವಿರುವ ಲೋಹದ ಡಬ್ಬಿ, ಬೆಂಕಿ ಆರಿಸುವ ಸಾಧನ. ಉಡುಗೊರೆಗೆ ಬರುವ ಸೂಟ್‌ಕೇಸ್ ಸೆಟ್ಟಿನಲ್ಲಿ ಇಕ್ಕುಳ ಒಂದು ಬಿಟ್ಟು ಮಿಕ್ಕದ್ದೆಲ್ಲ ದಂಡ.

ಮುಚ್ಚಳದ ಮೇಲಿನ ಗಡಿಯಾರದಂಥ ಥರ್ಮಾಮೀಟರನ್ನು ನಂಬಬೇಡಿ. ಅದು ಅಳೆಯುವುದು ಗುಮ್ಮಟದ ತುದಿಯ ಬಿಸಿ. ನಿಮ್ಮ ಚಿಕನ್ ಇರುವುದು ಕೆಳಗೆ ಜಾಲರಿಯ ಮೇಲೆ, ಅಲ್ಲಿನ ಲೆಕ್ಕವೇ ಬೇರೆ.

ಹಂತ 5: ಹಿಂದಿನ ದಿನದ ಕೆಲಸ

ಗ್ಯಾಸ್ ಎಷ್ಟಿದೆ ನೋಡಿ. ಒಂದು ಚೊಂಬು ಬಿಸಿನೀರನ್ನು ಸಿಲಿಂಡರಿನ ಪಕ್ಕಕ್ಕೆ ಸುರಿದು ಅಂಗೈಯನ್ನು ಮೇಲಿನಿಂದ ಕೆಳಗೆ ಸವರಿ. ಒಂದು ಕಡೆ ಬೆಚ್ಚಗಿದ್ದದ್ದು ಥಟ್ಟನೆ ತಣ್ಣಗಾಗುತ್ತದೆ. ಗ್ಯಾಸ್ ಇರುವುದು ಆ ಗೆರೆಯವರೆಗೆ. ತೂಕ ಹಾಕುವುದು ಇನ್ನೂ ಖಚಿತ. 20 ಪೌಂಡಿನ ಸಿಲಿಂಡರಿನ ಕುತ್ತಿಗೆಯ ಮೇಲೆ ಖಾಲಿ ತೂಕ ಕೊರೆದಿರುತ್ತದೆ, ಸಾಮಾನ್ಯವಾಗಿ 17 ಪೌಂಡ್ ಹತ್ತಿರ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಗ್ಯಾಸ್.

ಪೆಲೆಟ್ ಕಡ್ಡಿಯೊಂದನ್ನು ಮುರಿದು ನೋಡಿ. ಚಟ್ ಅಂದರೆ ಒಣಗಿದೆ. ಮೆತ್ತಗೆ ಪುಡಿಯಾದರೆ ತೇವ ಹಿಡಿದಿದೆ, ಅದು ತಿರುಪಿನಲ್ಲಿ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ಪೂರ್ತಿ ತೆಗೆದು ಹೊಸದು ತುಂಬಿ.

ಆಮೇಲೆ ಮಸಾಲೆ. ಚಿಕನ್‌ಗೆ ಮೊಸರು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ ಪುಡಿ, ಉಪ್ಪು ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಲ್ಲ, ಜೇನುತುಪ್ಪ ಈಗ ಬೇಡ. ಸಿಹಿ ಏನಿದ್ದರೂ ಕೊನೆಯ ಐದು ನಿಮಿಷಕ್ಕೆ ಸವರಬೇಕು, ಇಲ್ಲದಿದ್ದರೆ ಒಳಗೆ ಬೇಯುವ ಮುಂಚೆ ಹೊರಗೆ ಕಪ್ಪಾಗುತ್ತದೆ. ಹಂದಿಮಾಂಸ ತಿನ್ನುವ ಮನೆಯಾದರೆ 4 ಪೌಂಡಿನ ಭುಜದ ತುಂಡಿಗೆ ಉಪ್ಪು, ಕರಿಮೆಣಸು, ಅರಿಶಿನ, ಹುರಿದ ಕೊತ್ತಂಬರಿ ಪುಡಿ ತಿಕ್ಕಿಡಿ. ಕೊಡಗಿನಿಂದ ಯಾರಾದರೂ ತಂದುಕೊಟ್ಟ ಕಾಚಂಪುಳಿ (ಅಲ್ಲಿನ ಕಪ್ಪು ಹುಳಿರಸ) ಇದ್ದರೆ ಅದನ್ನು ಈಗ ಮುಟ್ಟದೆ ಕೊನೆಗೆ ಇಟ್ಟುಕೊಳ್ಳಿ.

ಮರದ ಕಡ್ಡಿಗೆ ಚುಚ್ಚುವುದಿದ್ದರೆ ಬೇಯಿಸುವ ಮುಂಚೆ ಅರ್ಧ ಗಂಟೆ ನೀರಲ್ಲಿ ನೆನೆಸುವುದು ನೆನಪಿರಲಿ.

ಹಂತ 6: ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಈ ಹಂತ ಬಿಟ್ಟವರೇ ಏಳೂವರೆಗೆ ಪಿಜ್ಜಾ ಆರ್ಡರ್ ಮಾಡುವುದು. ಒಂದು ಹಾಳೆ ತಗೊಂಡು ಕೆಳಗಡೆ ಸಂಜೆ 6 ಅಂತ ಬರೆಯಿರಿ. ಅಲ್ಲಿಂದ ಮೇಲಕ್ಕೆ ಹೋಗಿ. ಹನ್ನೆರಡು ಜನರ ಊಟಕ್ಕೆ ಹೀಗೆ ಬರುತ್ತದೆ:

ಬೆಳಿಗ್ಗೆ 7: ಕಮಾಡೊ ಹೊತ್ತಿಸುವುದು.
8: ಹಂದಿಯ ಭುಜ ಒಳಗೆ, 250 ಡಿಗ್ರಿ.
ಮಧ್ಯಾಹ್ನ 1ರಿಂದ 2: ಹೊರಗೆ ಕಂದುಬಣ್ಣ ಬಂದ ಮೇಲೆ ಫಾಯಿಲ್ ಸುತ್ತುವುದು.
ಸುಮಾರು 4: ಇಳಿಸಿ, ಟವೆಲ್ ಸುತ್ತಿ ಐಸ್ ಇಲ್ಲದ ಕೂಲರ್ ಪೆಟ್ಟಿಗೆಯಲ್ಲಿ ಇಡುವುದು.
4:15: ಕೆಟಲ್‌ಗೆ ಚಿಮ್ನಿ ಹೊತ್ತಿಸುವುದು.
4:50: ಚಿಕನ್ ಖಾಲಿ ಪಕ್ಕಕ್ಕೆ.
5:10: ಗ್ಯಾಸ್ ಹೊತ್ತಿಸುವುದು.
5:25: ಬದನೆಕಾಯಿ, ಆಮೇಲೆ ಜೋಳ.
5:35: ಚಿಕನ್ ಅನ್ನು ಕೆಂಡದ ಪಕ್ಕಕ್ಕೆ ತಂದು ಚರ್ಮ ಗರಿಯಾಗಿಸುವುದು.
5:50: ಪನೀರ್, ಅನಾನಸ್.

ನಿಧಾನದ್ದು ಮೊದಲು, ಚುರುಕಿನದ್ದು ಕೊನೆಗೆ. ದೊಡ್ಡ ತುಂಡು ಬೇಗ ಮುಗಿದರೆ ತೊಂದರೆಯೇ ಇಲ್ಲ. ಕೂಲರ್ ಪೆಟ್ಟಿಗೆಯಲ್ಲಿ ಎರಡು ಮೂರು ಗಂಟೆ ಬಿಸಿಯಾಗಿಯೇ ಇರುತ್ತದೆ, 140 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಸಾಕು. ಪನೀರ್‌ಗೆ ಆ ಸೌಲಭ್ಯ ಇಲ್ಲ, ಹತ್ತು ನಿಮಿಷಕ್ಕೆ ರಬ್ಬರ್ ಆಗುತ್ತದೆ. ನಮ್ಮವರು ಆರು ಅಂದರೆ ಆರೂವರೆಗೆ ಬರುವುದು, ಅಲ್ವಾ? ಕೊನೆಯ ಸಾಲನ್ನು ಗಡಿಯಾರ ನೋಡಿ ಮಾಡಬೇಡಿ. ಬಾಗಿಲಲ್ಲಿ ಚಪ್ಪಲಿ ಎಷ್ಟು ಸೇರಿವೆ ಅಂತ ನೋಡಿ ಮಾಡಿ.

22 ಇಂಚಿನ ಕೆಟಲ್‌ನ ಅರ್ಧ ಜಾಲರಿಯಲ್ಲಿ 8ರಿಂದ 10 ಲೆಗ್ ಪೀಸ್ ಹಿಡಿಯುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದರೆ ಒತ್ತೊತ್ತಾಗಿ ತುರುಕಬೇಡಿ. ಎರಡು ಸುತ್ತು ಮಾಡಿ, ಚಿಮ್ನಿಯನ್ನು ಮುಕ್ಕಾಲು ಗಂಟೆ ಮುಂಚೆ ಹೊತ್ತಿಸಿ.

ಹಂತ 7: ಹೊತ್ತಿಸುವ ಕ್ರಮ

*ಕಮಾಡೊ.* ದೊಡ್ಡ ತುಂಡಿನ ಮರದಿದ್ದಿಲನ್ನು ಬುಟ್ಟಿ ತುಂಬ ಹಾಕಿ. ಬ್ರಿಕೆಟ್, ಅಂದರೆ ಇದ್ದಿಲ ಪುಡಿಯನ್ನು ಒತ್ತಿ ಮಾಡಿದ ಉಂಡೆ, ಇಲ್ಲಿ ಬೇಡ, ಬೂದಿ ಜಾಸ್ತಿಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಲೈಟರ್ ಎಣ್ಣೆಯನ್ನಂತೂ ತರಲೇಬೇಡಿ, ಪಿಂಗಾಣಿ ಅದನ್ನು ಹೀರಿಕೊಂಡು ವಾಸನೆ ಬಿಡುತ್ತಲೇ ಇರುತ್ತದೆ. ಮಧ್ಯದಲ್ಲಿ ಒಂದೇ ಕಡೆ ಹೊತ್ತಿಸಿ. ಕೆಂಡ ಹಿಡಿದ ಮೇಲೆ ಬಿಸಿ ತಡೆಯುವ ಕಲ್ಲು, ಜಾಲರಿ ಇಟ್ಟು ಮುಚ್ಚಿ.

ಬಿಸಿ 200 ಮುಟ್ಟುತ್ತಿದ್ದಂತೆ ಮೇಲಿನ ಮತ್ತು ಕೆಳಗಿನ ಗಾಳಿಕಿಂಡಿಗಳನ್ನು ಸಣ್ಣ ಸೀಳಿನಷ್ಟಕ್ಕೆ ಇಳಿಸಿ. 250 ಆಗಲಿ ಆಮೇಲೆ ಮುಚ್ಚುತ್ತೇನೆ ಅಂತ ಕಾದರೆ ಅದು 350ಕ್ಕೆ ಹೋಗಿ ನಿಲ್ಲುತ್ತದೆ. ದಪ್ಪ ಪಿಂಗಾಣಿ ಒಮ್ಮೆ ಕಾದರೆ ಆರಲು ಗಂಟೆಗಟ್ಟಲೆ ಬೇಕು.

ಎಚ್ಚರಿಕೆ: ಗಾಳಿಕಿಂಡಿ ಮುಚ್ಚಿಟ್ಟ ಬಿಸಿ ಕಮಾಡೊದ ಮುಚ್ಚಳವನ್ನು ಒಮ್ಮೆಲೇ ತೆಗೆಯಬೇಡಿ. ಉಸಿರು ಕಟ್ಟಿದ ಬೆಂಕಿಗೆ ತಟ್ಟನೆ ಗಾಳಿ ಸಿಕ್ಕಿದರೆ ಜ್ವಾಲೆ ಮುಖಕ್ಕೆ ಎಗರುತ್ತದೆ. ಮೊದಲು ಒಂದಿಂಚು ಎತ್ತಿ, ಒಂದೆರಡು ಸೆಕೆಂಡ್ ನಿಲ್ಲಿಸಿ, ಮತ್ತೆ ಸ್ವಲ್ಪ ಎತ್ತಿ, ಆಮೇಲೆ ಪೂರ್ತಿ.

*ಕೆಟಲ್.* ಚಿಮ್ನಿ ತುಂಬ ಬ್ರಿಕೆಟ್ ಸುರಿದು, ಅಡಿಯಲ್ಲಿ ಎರಡು ಹಾಳೆ ಪೇಪರ್ ಉಂಡೆ ಮಾಡಿ ಹೊತ್ತಿಸಿ. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ. ಅದು ಇಳಿದು, ತೂತುಗಳೊಳಗೆ ಕೇಸರಿ ಬಣ್ಣ ಮೇಲಕ್ಕೆ ಹತ್ತುತ್ತಾ ಬರುತ್ತದೆ. ಮೇಲಿನ ಸಾಲಿನ ಬ್ರಿಕೆಟ್‌ಗಳ ಅಂಚಿನಲ್ಲಿ ಬೂದು ಬಣ್ಣ ಕೂತಾಗ ಸುರಿಯುವ ಹೊತ್ತಾಯಿತು. ಸಾಮಾನ್ಯವಾಗಿ 20 ನಿಮಿಷದ ಆಸುಪಾಸು. ಕಪ್ಪಾಗಿರುವಾಗಲೇ ಸುರಿದರೆ ಚಿಕನ್‌ಗೆ ಆ ಮೊದಲ ಹೊಗೆಯ ಕಹಿ ಹತ್ತುತ್ತದೆ.

ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಸುರಿಯಿರಿ. ಖಾಲಿ ಪಕ್ಕದ ತಳಕ್ಕೆ ಜಿಡ್ಡು ಹಿಡಿಯಲು ಒಂದು ಫಾಯಿಲ್ ತಟ್ಟೆ. ಮುಚ್ಚಳದ ಕಿಂಡಿ ಚಿಕನ್ ಇರುವ ಕಡೆ ಬರಲಿ, ಆಗ ಬಿಸಿ ಅದರ ಮೇಲೆ ಹಾದು ಹೋಗುತ್ತದೆ. ಮೇಲಿನ ಕಿಂಡಿ ಪೂರ್ತಿ ತೆರೆದೇ ಇರಲಿ. ಉರಿ ಹೆಚ್ಚು ಕಡಿಮೆ ಮಾಡುವುದು ಕೆಳಗಿನದರಿಂದ ಮಾತ್ರ.

*ಗ್ಯಾಸ್.* ಮುಚ್ಚಳ ತೆರೆದಿರಬೇಕು. ಯಾವಾಗಲೂ, ತಪ್ಪದೆ. ಮುಚ್ಚಿಟ್ಟು ಗುಂಡಿ ತಿರುಗಿಸಿದರೆ ಒಳಗೆ ತುಂಬಿದ ಗ್ಯಾಸ್ ಕಿಡಿಗೆ ಒಮ್ಮೆಲೇ ಸಿಡಿಯುತ್ತದೆ. ವರ್ಷದ ಮೊದಲ ಸಲವಾದರೆ ಪೈಪು ಸೇರುವ ಕಡೆಗಳಿಗೆಲ್ಲ ಸೋಪಿನ ನೀರು ಸವರಿ ಸಿಲಿಂಡರ್ ತೆರೆಯಿರಿ. ಗುಳ್ಳೆ ಒಂದರ ಪಕ್ಕ ಒಂದು ಉಬ್ಬುತ್ತಾ ಹೋದರೆ ಅಲ್ಲಿ ಸೋರುತ್ತಿದೆ, ಮುಚ್ಚಿ ಬಿಗಿ ಮಾಡಿ ಮತ್ತೆ ನೋಡಿ.

ಸಿಲಿಂಡರ್ ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ಬರ್ನರ್ ಗುಂಡಿಗಳು ಆಗ ಮುಚ್ಚಿರಬೇಕು. ಈ ಕ್ರಮ ತಪ್ಪಿದರೆ ಸೋರಿಕೆ ಆಗುತ್ತಿದೆ ಅಂತ ರೆಗ್ಯುಲೇಟರ್ ತಪ್ಪು ತಿಳಿದು ಗ್ಯಾಸನ್ನು ಸಣ್ಣಗೆ ಬಿಡುತ್ತದೆ. ಸಿಲಿಂಡರ್ ತುಂಬಿದ್ದರೂ ಗ್ರಿಲ್ 250 ದಾಟುವುದೇ ಇಲ್ಲ. ಗ್ರಿಲ್ ಕೆಟ್ಟಿದೆ ಅಂತ ಎಷ್ಟೋ ಜನ ಇದಕ್ಕೇ ಹೊಸದು ಕೊಂಡಿದ್ದಾರೆ. ಎಲ್ಲ ಮುಚ್ಚಿ, ಪೈಪು ಬಿಚ್ಚಿ, ಮುಚ್ಚಳ ತೆರೆದು ಗುಂಡಿಗಳನ್ನು ಒಂದು ನಿಮಿಷ ಪೂರ್ತಿ ತಿರುಗಿಸಿಟ್ಟು ಮತ್ತೆ ಮುಚ್ಚಿ, ಪೈಪು ಹಾಕಿ, ವಾಲ್ವನ್ನು ಮೆಲ್ಲಗೆ ತೆರೆಯಿರಿ. ಸರಿಹೋಗುತ್ತದೆ. ಹೊತ್ತಿಸಲು ಹೋಗಿ ಹತ್ತದಿದ್ದರೆ ತಕ್ಷಣ ಮತ್ತೆ ಕಿಡಿ ಹಾಕಬೇಡಿ. ಮುಚ್ಚಿ, ಐದು ನಿಮಿಷ ಗಾಳಿಗೆ ಬಿಡಿ.

*ಪೆಲೆಟ್.* ಕಮಾಡೊ ಬದಲು ಇದಿದ್ದರೆ ಹಳೆಯ ಬೂದಿ ತೆಗೆದು, ಕಡ್ಡಿ ತುಂಬಿ, ಬಿಸಿ ಒತ್ತಿ. ಬೂದಿ ತೆಗೆಯದೆ ಹೊತ್ತಿಸುವುದೊಂದೇ ಇಲ್ಲಿ ಸಾಮಾನ್ಯ ತಪ್ಪು.

ಹಂತ 8: ಬೇಯಿಸುವಾಗ

ಮುಚ್ಚಳ ಎತ್ತಿ ಎತ್ತಿ ನೋಡುವ ಚಟ ಬಿಡಿ. ಎತ್ತಿದಾಗಲೆಲ್ಲ ಬಿಸಿ ಹೋಗುತ್ತದೆ, ಇದ್ದಿಲಿಗೆ ಗಾಳಿ ಸಿಕ್ಕಿ ಉರಿ ಕೆರಳುತ್ತದೆ. ಅದಕ್ಕೇ ವೈರಿನ ಥರ್ಮಾಮೀಟರ್ ಅಂದಿದ್ದು.

ಹಂದಿಯ ಭುಜ 150ರಿಂದ 170 ಡಿಗ್ರಿ ನಡುವೆ ಎಲ್ಲೋ ನಿಂತುಬಿಡುತ್ತದೆ. ಗಂಟೆ ಕಳೆದರೂ ಅಂಕಿ ಅಲ್ಲಾಡುವುದಿಲ್ಲ. ಬೆಂಕಿ ಆರಿಲ್ಲ, ಥರ್ಮಾಮೀಟರ್ ಕೆಟ್ಟಿಲ್ಲ. ಮಾಂಸದ ಮೇಲಿನ ನೀರು ಆವಿಯಾಗುತ್ತಾ ಅದನ್ನು ತಣಿಸುತ್ತಿರುತ್ತದೆ, ಬೆವರು ಮೈಯನ್ನು ತಣಿಸುವ ಹಾಗೆ. ಉರಿ ಏರಿಸಬೇಡಿ. ಬಿಗಿಯಾಗಿ ಫಾಯಿಲ್ ಸುತ್ತಿದರೆ ಆವಿ ಹೋಗುವ ದಾರಿ ಮುಚ್ಚಿ ಅಂಕಿ ಮತ್ತೆ ಏರುತ್ತದೆ. 195ರಿಂದ 203ರ ನಡುವೆ ಥರ್ಮಾಮೀಟರಿನ ಮೊನೆ ಬೆಣ್ಣೆಯೊಳಗೆ ಹೋದಂತೆ ಸಲೀಸಾಗಿ ಇಳಿದರೆ ಆಯಿತು. ಬಡಿಸುವ ಮುಂಚೆ ಬಿಡಿಸಿ, ಕಾಚಂಪುಳಿ, ಹುರಿದ ಮೆಣಸಿನ ಪುಡಿ, ಅದರದೇ ರಸ ಸೇರಿಸಿ ಕಲಸಿ. ಕಾಚಂಪುಳಿ ಇಲ್ಲದಿದ್ದರೆ ನಿಂಬೆರಸ.

ಚಿಕನ್ ಇಡುವ ಮುಂಚೆ ಮೇಲಿನ ದಪ್ಪ ಮಸಾಲೆಯನ್ನು ಕೈಯಿಂದ ಸವರಿ ತೆಗೆಯಿರಿ. ಮೊಸರು ಗಡ್ಡೆಗಟ್ಟಿದರೆ ಬೇಯುವುದಿಲ್ಲ, ಸುಡುತ್ತದೆ ಅಷ್ಟೇ. ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಬಿಸಿ 165 ಡಿಗ್ರಿ. ಕಾಲು, ತೊಡೆಗಳನ್ನು 175ರಿಂದ 185ರವರೆಗೆ ಬಿಡಿ, ಮೂಳೆಯಿಂದ ಚೆನ್ನಾಗಿ ಬಿಡುತ್ತದೆ. ಮೂಳೆಗೆ ತಾಗದಂತೆ ಚುಚ್ಚಿ ಅಳೆಯಿರಿ. ಮೀನು 145ಕ್ಕೆ ಸಾಕು, ಖೈಮಾ ಕಬಾಬ್ 160 ಆಗಲೇಬೇಕು. ರಸದ ಬಣ್ಣ ನೋಡಿ ಹೇಳುತ್ತೇನೆ ಅನ್ನುವವರ ಮಾತು ಕೇಳಬೇಡಿ.

ಜಿಡ್ಡು ಬಿದ್ದು ಜ್ವಾಲೆ ಎದ್ದರೆ ತುಂಡನ್ನು ಖಾಲಿ ಪಕ್ಕಕ್ಕೆ ಸರಿಸಿ ಮುಚ್ಚಳ ಹಾಕಿ. ನೀರು ಎರಚಬೇಡಿ, ಜಿಡ್ಡಿನ ಬೆಂಕಿ ನೀರಿಗೆ ಹರಡುತ್ತದೆ.

ಬದನೆಕಾಯಿ ದಪ್ಪದ್ದೇ ಆಗಲಿ. ಎರಡು ಮೂರು ಕಡೆ ಚುಚ್ಚಿ, ಎಣ್ಣೆ ಸವರಿ, ಜೋರು ಉರಿಗೆ ಇಡಿ. ಐದೈದು ನಿಮಿಷಕ್ಕೊಮ್ಮೆ ಹೊರಳಿಸಿ. ಸಿಪ್ಪೆ ಮೊದಲು ಮಂಕಾಗಿ, ಆಮೇಲೆ ಸುಕ್ಕುಗಟ್ಟಿ, ಕೊನೆಗೆ ಕಾಗದದ ಹಾಗೆ ಎದ್ದು ಕಪ್ಪಾಗುತ್ತದೆ. ತೊಟ್ಟಿನ ಸುತ್ತ ರಸ ಗುಳ್ಳೆಗುಳ್ಳೆಯಾಗಿ ಬಂದು, ಇಕ್ಕುಳದಲ್ಲಿ ಎತ್ತಿದಾಗ ನಡು ಬಾಗಿದರೆ ಬೆಂದಿದೆ. ಸಿಪ್ಪೆ ಸುಲಿದು ಹುಣಸೆರಸ, ಬೆಲ್ಲ, ಹಸಿಮೆಣಸು, ಈರುಳ್ಳಿ ಹಾಕಿ ಕಲಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಸುಟ್ಟ ಬದನೆಕಾಯಿ ಗೊಜ್ಜು. ಮಾಂಸ ತಿನ್ನುವವರೂ ಮೊದಲು ಖಾಲಿ ಮಾಡುವುದು ಇದನ್ನೇ.

ಇಲ್ಲಿನ ಸ್ವೀಟ್ ಕಾರ್ನ್ ನಮ್ಮ ಮುಸುಕಿನ ಜೋಳದಷ್ಟು ಹೊತ್ತು ಕೇಳುವುದಿಲ್ಲ. ಹತ್ತು ನಿಮಿಷ ತಿರುಗಿಸುತ್ತಾ ಸುಟ್ಟು, ಅರ್ಧ ನಿಂಬೆಹಣ್ಣನ್ನು ಉಪ್ಪು ಖಾರಕ್ಕೆ ಅದ್ದಿ ಉಜ್ಜಿ.

ಪನೀರ್ ದಪ್ಪ ಹೋಳಾಗಿರಲಿ. ಮಸಾಲೆಗೆ ಒಂದು ಚಮಚ ಹುರಿದ ಕಡಲೆಹಿಟ್ಟು ಸೇರಿಸಿದರೆ ಹಿಡಿದುಕೊಳ್ಳುತ್ತದೆ. ಜಾಲರಿ ಚೆನ್ನಾಗಿ ಕಾದಿರಬೇಕು. ಇಟ್ಟ ಮೇಲೆ ಎರಡು ನಿಮಿಷ ಮುಟ್ಟಬೇಡಿ. ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ, ಆದಾಗ ತಾನಾಗಿ ಬಿಡುತ್ತದೆ.

ಬಡಿಸಿ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. 90 ಡಿಗ್ರಿ ಮೀರಿದ ಬಿಸಿಲಿದ್ದರೆ ಒಂದೇ ಗಂಟೆ. ಟೆಕ್ಸಾಸ್, ಅರಿಝೋನಾದಲ್ಲಿರುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಹಂತ 9: ಆರಿಸುವುದು, ಎತ್ತಿಡುವುದು

ಗ್ಯಾಸ್‌ನಲ್ಲಿ ಬರ್ನರ್ ಆರಿಸಿ ಒಳಗೆ ಬಂದುಬಿಡುವುದು ರೂಢಿ. ಸಿಲಿಂಡರ್ ವಾಲ್ವನ್ನೂ ಮುಚ್ಚಿ. ಹೆಚ್ಚುವರಿ ಸಿಲಿಂಡರ್ ಮನೆಯೊಳಗಾಗಲಿ, ಗ್ರಿಲ್ ಕೆಳಗಾಗಲಿ ಇಡಬಾರದು. ನೆರಳಿರುವ ಬಯಲಲ್ಲಿ ನೆಟ್ಟಗೆ ನಿಲ್ಲಿಸಿ.

ಕೆಟಲ್ ಮತ್ತು ಕಮಾಡೊದ ಎಲ್ಲ ಕಿಂಡಿಗಳನ್ನು ಮುಚ್ಚಿ. ಗಾಳಿಯಿಲ್ಲದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಬಿಸಿ ಪಿಂಗಾಣಿಗೆ, ಎನಾಮೆಲ್‌ಗೆ ನೀರು ಸುರಿದರೆ ಸೀಳುತ್ತದೆ. ಪೆಲೆಟ್ ಗ್ರಿಲ್‌ನ ಪ್ಲಗ್ ಕೀಳಬೇಡಿ. ಅದರ ಆರಿಸುವ ಗುಂಡಿ ಒತ್ತಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ.

ಬೂದಿಯ ವಿಷಯದಲ್ಲಿ ಅವಸರ ಬೇಡವೇ ಬೇಡ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಎರಡು ದಿನದವರೆಗೂ ಜೀವ ಹಿಡಿದಿರಬಹುದು. ಪೇಪರ್ ಚೀಲಕ್ಕೋ ಪ್ಲಾಸ್ಟಿಕ್ ಡಬ್ಬಕ್ಕೋ ಹಾಕಬೇಡಿ. ಲೋಹದ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಮನೆಯಿಂದ ದೂರ ಸಿಮೆಂಟಿನ ಮೇಲೆ ಇಡಿ.

ಜಾಲರಿ ಉಜ್ಜಲು ತಂತಿಯ ಬ್ರಷ್ ಬೇಡ. ಅದರ ಒಂದು ಎಳೆ ಮುರಿದು ಊಟಕ್ಕೆ ಸೇರಿ ಗಂಟಲಿಗೆ, ಕರುಳಿಗೆ ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಮರದ ಹಲಗೆಯಂಥ ಸ್ಕ್ರೇಪರ್ ಸಾಕು. ಕಾದ ಜಾಲರಿಯ ಮೇಲೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಉಜ್ಜಿದರೂ ಜಿಡ್ಡು ಬಿಡುತ್ತದೆ.

ಹೊದಿಕೆಯನ್ನು ಪೂರ್ತಿ ತಣ್ಣಗಾದ ಮೇಲೆ, ಅಂದರೆ ಮರುದಿನ, ಹಾಕಿ. ಚಳಿಗಾಲಕ್ಕೆ ನಿಲ್ಲಿಸುವಾಗ ಪೆಲೆಟ್ ಪೆಟ್ಟಿಗೆಯನ್ನು ಖಾಲಿ ಮಾಡಿ, ಕಡ್ಡಿಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಕೆಟಲ್‌ನಲ್ಲಿ ಬೂದಿ ಉಳಿಸಬೇಡಿ, ತೇವ ಹೀರಿ ತಳವನ್ನು ತಿನ್ನುತ್ತದೆ. ಕಮಾಡೊವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಕಂಡು ಗಾಬರಿಯಾಗಬೇಡಿ. ಹಳೆಯ ಇದ್ದಿಲನ್ನೆಲ್ಲ ಎಸೆದು, ಹೊಸದು ತುಂಬಿ, ಏನೂ ಇಡದೆ ಅರ್ಧ ಗಂಟೆಗೂ ಮೇಲೆ ಜೋರಾಗಿ ಉರಿಸಿ. ತಣ್ಣಗಾದ ಮೇಲೆ ಬೂದಿ ಗುಡಿಸಿ ತೆಗೆದು ಜಾಲರಿಯನ್ನು ಉಜ್ಜಿ ಇಟ್ಟುಕೊಳ್ಳಿ.